ಯೋಕ್ ನಡುಗುತ್ತೆ, ಎಡ ರೆಕ್ಕೆ ಭಾರ: ಪೇಂಟ್ ಆದ ಮೇಲೆ ಬಂದ ದೋಷ ಸಿಕ್ಕಿದ್ದು ಹೀಗೆ

ಪೈಲಟ್ ಬರೆದಿದ್ದು ಎರಡೇ ಸಾಲು. ವೇಗ 110 ನಾಟ್ ದಾಟಿದರೆ ಯೋಕ್‌ನಲ್ಲಿ (ಪೈಲಟ್ ಕೈಯಲ್ಲಿರುವ ಸ್ಟಿಯರಿಂಗ್‌ನಂಥ ಹಿಡಿ) ಸಣ್ಣ ನಡುಕ. ಕೈ ಬಿಟ್ಟರೆ ವಿಮಾನ ಎಡಕ್ಕೆ ವಾಲುತ್ತದೆ.

ವಿಮಾನ ಸೆಸ್ನಾ 172. ನಾಲ್ಕು ಸೀಟು, ಮೇಲ್ಗಡೆ ರೆಕ್ಕೆ, ತರಬೇತಿಗೆ ಬಳಸುವಂಥದ್ದು. ಹೊಸ ಪೇಂಟ್ ಮಾಡಿಸಿಕೊಂಡು ಬಂದು ಎರಡು ವಾರ ಆಗಿತ್ತು, ಹ್ಯಾಂಗರ್‌ನಲ್ಲಿ ಕಣ್ಣು ಕೋರೈಸುವ ಹಾಗೆ ನಿಂತಿತ್ತು. ನಾನು ಹೋಗುವ ಹೊತ್ತಿಗೆ ಹುಡುಗನೊಬ್ಬ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಹಿಂದಿನ ಸಣ್ಣ ಟ್ಯಾಬ್ ಬಗ್ಗಿಸಲು ಹೊರಟಿದ್ದ. "ಸ್ವಲ್ಪ ಬಗ್ಗಿಸಿದ್ರೆ ಸರಿಹೋಗುತ್ತೆ ಸರ್" ಅಂದ. ಬೇಡಪ್ಪಾ, ಸದ್ಯಕ್ಕೆ ಏನೂ ಮುಟ್ಟಬೇಡ ಅಂದೆ.

ಇದನ್ನು ಬರೆಯುತ್ತಿರುವುದೇ ಆ ಕಾರಣಕ್ಕೆ. ಕಂಟ್ರೋಲ್ ದೋಷ ಬಂದಾಗ ಕೈಗೆ ಸುಲಭವಾಗಿ ಸಿಗುವ ಜಾಗದಿಂದ ನಾವು ಶುರು ಮಾಡುತ್ತೇವೆ. ಟ್ಯಾಬ್ ಬಗ್ಗಿಸುತ್ತೇವೆ, ಇಲ್ಲವೇ ಕೇಬಲ್ ಬಿಗಿ ಮಾಡುತ್ತೇವೆ. ಲಕ್ಷಣ ಮಾಯವಾಗುತ್ತದೆ, ದೋಷ ಅಲ್ಲೇ ಉಳಿಯುತ್ತದೆ. ಈ ವಿಮಾನದಲ್ಲಿ ನಡುಕಕ್ಕೂ ವಾಲುವುದಕ್ಕೂ ಸಂಬಂಧವೇ ಇರಲಿಲ್ಲ. ಎರಡು ಬೇರೆ ದೋಷಗಳು ಒಂದೇ ದಿನ ಒಂದೇ ಕಾಗದದಲ್ಲಿ ಬಂದಿದ್ದವು ಅಷ್ಟೇ.

ಮೊದಲು ವಿಮಾನ ನಿಲ್ಲಿಸಿ

ವೇಗ ಏರಿದಾಗ ಮಾತ್ರ ಬರುವ ನಡುಕ ಅಂದರೆ ಫ್ಲಟರ್ (ಗಾಳಿಯ ಶಕ್ತಿಗೆ ರೆಕ್ಕೆ, ಪಟ್ಟಿಗಳು ತಾವಾಗಿಯೇ ಬಡಿದಾಡುವುದು) ಇರಬಹುದು ಎಂದೇ ಅಂದುಕೊಳ್ಳಬೇಕು. ಇನ್ನೊಮ್ಮೆ ಹಾರಿಸಿ ನೋಡೋಣ, ಎಷ್ಟಕ್ಕೆ ಶುರುವಾಗುತ್ತೆ ಅಂತ ತಿಳಿಯೋಣ ಅನ್ನುವ ಆಸೆ ಬರುತ್ತದೆ. ಬೇಡ. ಫ್ಲಟರ್ ಶುರುವಾದ ಮೇಲೆ ಕೆಲವು ಸಲ ಒಂದೆರಡು ಸೆಕೆಂಡಿನಲ್ಲೇ ಭಾಗಗಳು ಕಿತ್ತು ಹೋಗುತ್ತವೆ. ಹಾರಾಟದಲ್ಲೇ ಬಂದರೆ ಪವರ್ ಇಳಿಸಿ, ವೇಗ ಕಡಿಮೆ ಮಾಡಿ, ಮೆಲ್ಲಗೆ ಬಂದು ಇಳಿಯುವುದೊಂದೇ ದಾರಿ. ನಮ್ಮ ಪೈಲಟ್ ಅದನ್ನೇ ಮಾಡಿದ್ದರು, ಪುಣ್ಯ.

ಅವರನ್ನು ಕೂರಿಸಿ ಕೇಳಿದೆ. ನಡುಕ ಬಂದಾಗ ಎಂಜಿನ್ ಎಷ್ಟು ಸುತ್ತಿನಲ್ಲಿತ್ತು? ಪವರ್ ಇಳಿಸಿ, ಮೂಗು ಸ್ವಲ್ಪ ತಗ್ಗಿಸಿ, ಅದೇ ವೇಗದಲ್ಲಿ ಇಳಿಯುವಾಗಲೂ ಇತ್ತಾ? ಇತ್ತು ಅಂದರು. ಈ ಒಂದು ಉತ್ತರಕ್ಕೆ ಬೆಲೆ ಜಾಸ್ತಿ. ಪ್ರೊಪೆಲರ್ ಅಥವಾ ಎಂಜಿನ್‌ನ ನಡುಕ ಎಂಜಿನ್ ಸುತ್ತಿನ ಜೊತೆ ಬದಲಾಗುತ್ತದೆ. ಗಾಳಿಯ ನಡುಕ ವೇಗದ ಜೊತೆ ಬದಲಾಗುತ್ತದೆ. ಪವರ್ ಇಳಿಸಿದರೂ ನಿಲ್ಲದೆ, ವೇಗ ಇಳಿದ ಮೇಲೆ ನಿಂತಿದೆ ಅಂದರೆ ನೋಡಬೇಕಾದ್ದು ಕಂಟ್ರೋಲ್ ಕಡೆಗೆ.

ನಡುಕ ಎಲ್ಲಿ ಗೊತ್ತಾಯಿತು ಅಂತಲೂ ಕೇಳಿದೆ. ಪೆಡಲ್‌ನಲ್ಲಿ ಇಲ್ಲ. ಯೋಕ್ ಹಿಂದೆ ಮುಂದೆ ಆಡಲಿಲ್ಲ, ಎಡಕ್ಕೂ ಬಲಕ್ಕೂ ತಿರುಗುವ ಹಾಗೆ ಜುಮ್ಮೆನ್ನುತ್ತಿತ್ತು. ಪೆಡಲ್‌ನಲ್ಲಿ ಬಂದಿದ್ದರೆ ರಡ್ಡರ್. ಹಿಂದೆ ಮುಂದೆ ಆಡಿದ್ದರೆ ಎಲಿವೇಟರ್ (ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಅಡ್ಡ ಪಟ್ಟಿ) ಅಥವಾ ಅದರ ಹಿಂದಿನ ಅಂಚಿನ ಸಣ್ಣ ಟ್ರಿಮ್ ಟ್ಯಾಬ್. ಇಲ್ಲಿ ಕಣ್ಣು ಏಲರಾನ್ ಮೇಲೆ ಹೋಯಿತು. ಅಂದರೆ ರೆಕ್ಕೆಯ ತುದಿಯ ಕಡೆ ಮೇಲೆ ಕೆಳಗೆ ಆಡುವ ಪಟ್ಟಿಗಳು.

ಬ್ಯಾಲೆನ್ಸ್ ಅಂದರೆ ಒಂದಲ್ಲ

ನಮ್ಮಲ್ಲಿ ಬ್ಯಾಲೆನ್ಸ್ ಅನ್ನುವ ಒಂದೇ ಪದವನ್ನು ಮೂರು ಬೇರೆ ವಿಷಯಗಳಿಗೆ ಬಳಸುತ್ತೇವೆ, ಗೊಂದಲ ಹುಟ್ಟುವುದು ಅಲ್ಲೇ. ಇಡೀ ವಿಮಾನದ ತೂಕದ ಬ್ಯಾಲೆನ್ಸ್ ಒಂದು. ಪೈಲಟ್ ಕೈಗೆ ಎಷ್ಟು ಭಾರ ಬರಬೇಕು ಅನ್ನುವುದನ್ನು ಗಾಳಿಯ ಬಲದಿಂದಲೇ ಹೊಂದಿಸುವುದು ಇನ್ನೊಂದು. ಮೂರನೆಯದು ಆಡುವ ಪಟ್ಟಿಯ ಸ್ವಂತ ತೂಕವನ್ನು ಅದರ ಹಿಂಜ್ (ತಿರುಗಣಿ) ಸುತ್ತ ಹೊಂದಿಸುವುದು, ಅದೇ ಮಾಸ್ ಬ್ಯಾಲೆನ್ಸ್. ಪೇಂಟ್ ಕೆಡಿಸುವುದು ಈ ಮೂರನೆಯದನ್ನು.

ಬಾವಿಯ ಏತ ನೋಡಿದವರಿಗೆ ಇದು ಬೇಗ ಹತ್ತುತ್ತದೆ. ಒಂದು ತುದಿಗೆ ನೀರಿನ ಬಾನಿ, ಇನ್ನೊಂದು ತುದಿಗೆ ಕಲ್ಲು. ಕಲ್ಲು ಸರಿಯಾಗಿದ್ದರೆ ಒಂದು ಕೈಯಲ್ಲಿ ಎತ್ತಬಹುದು. ಏಲರಾನ್‌ನಲ್ಲಿ ಹಿಂಜ್‌ನಿಂದ ಹಿಂದಕ್ಕೆ ಅಗಲವಾದ ತಗಡು ಇರುತ್ತದೆ, ಮುಂದಕ್ಕೆ ಇರುವುದು ಬೆರಳಷ್ಟು ಜಾಗ. ಆ ಸಣ್ಣ ಜಾಗದಲ್ಲಿ ತೂಕದ ತುಂಡುಗಳನ್ನು ಕೂರಿಸಿರುತ್ತಾರೆ. ಎಲಿವೇಟರ್‌ನ ತುದಿಯಲ್ಲಿ ಮುಂದಕ್ಕೆ ಚಾಚಿದ ಒಂದು ಕೊಂಬು ಕಾಣುತ್ತದಲ್ಲ, ಅದಕ್ಕೆ ಎರಡು ಕೆಲಸ. ಒಳಗಿರುವ ಸೀಸದಿಂದ ತೂಕ ಹೊಂದಿಸುತ್ತದೆ. ಅದಕ್ಕೆ ಬಡಿಯುವ ಗಾಳಿ ಪೈಲಟ್ ಜೊತೆ ತಾನೂ ಸ್ವಲ್ಪ ತಳ್ಳುತ್ತದೆ.

ತೂಕ ಹಿಂದಕ್ಕೆ ಜಾಸ್ತಿಯಾದರೆ ಏನಾಗುತ್ತೆ? ರೆಕ್ಕೆ ಗಾಳಿಯ ಹೊಡೆತಕ್ಕೆ ಮೇಲಕ್ಕೆ ಚಿಮ್ಮಿತು ಅಂದುಕೊಳ್ಳಿ. ಹಿಂದೆ ಭಾರವಿರುವ ಏಲರಾನ್ ಅದರ ಜೊತೆ ಏಳಲಾಗದೆ ಹಿಂದೆ ಬೀಳುತ್ತದೆ, ಅಂದರೆ ರೆಕ್ಕೆಗೆ ಹೋಲಿಸಿದರೆ ಕೆಳಕ್ಕೆ ತಿರುಗುತ್ತದೆ. ಏಲರಾನ್ ಕೆಳಕ್ಕೆ ಹೋದರೆ ರೆಕ್ಕೆಯ ಲಿಫ್ಟ್ (ಮೇಲೆತ್ತುವ ಬಲ) ಏರುತ್ತದೆ. ಆಗಲೇ ಮೇಲೆ ಹೋಗುತ್ತಿರುವ ರೆಕ್ಕೆಯನ್ನು ಇನ್ನೂ ಮೇಲಕ್ಕೆ ನೂಕುತ್ತದೆ. ರೆಕ್ಕೆ ಬಾಗಿ ವಾಪಸ್ ಕೆಳಗೆ ಬರುವಾಗ ಇದೇ ಆಟ ಉಲ್ಟಾ. ಉಯ್ಯಾಲೆಯನ್ನು ಸರಿಯಾದ ಗಳಿಗೆಯಲ್ಲಿ ಒಬ್ಬರು ತಳ್ಳುತ್ತಲೇ ಇದ್ದ ಹಾಗೆ. ತಳ್ಳುವ ಶಕ್ತಿ ಗಾಳಿಯದ್ದು, ವೇಗ ಹೆಚ್ಚಿದಷ್ಟೂ ಹೆಚ್ಚು. ಒಂದು ವೇಗದ ಆಚೆಗೆ ರೆಕ್ಕೆಯ ಗಡಸುತನ ಸಾಲದೆ ಹೋಗುತ್ತದೆ.

ತೂಕ ಹಿಂಜ್ ಗೆರೆಯ ಮೇಲೋ, ಅದಕ್ಕಿಂತ ಮುಂದೋ ಇದ್ದರೆ ಏಲರಾನ್ ರೆಕ್ಕೆಯ ಜೊತೆಗೇ ಚಲಿಸುತ್ತದೆ, ಈ ಆಟ ಶುರುವೇ ಆಗುವುದಿಲ್ಲ. ಕೆಲವು ವಿಮಾನಗಳಲ್ಲಿ ಸ್ವಲ್ಪ ಹಿಂಭಾರಕ್ಕೆ ಅವಕಾಶ ಕೊಟ್ಟಿರುತ್ತಾರೆ. ಮಿತಿ ಎಷ್ಟು ಅನ್ನುವುದು ಆ ಮಾಡೆಲ್‌ನ ಕೈಪಿಡಿಯಲ್ಲಿ ಇರುತ್ತದೆ. ಒಂದು ವಿಮಾನದ ಅಂಕಿಯನ್ನು ಇನ್ನೊಂದಕ್ಕೆ ಹಾಕಲೇಬೇಡಿ.

ಬಿಚ್ಚುವ ಮೊದಲು ಕೈಯಲ್ಲಿ ನೋಡುವುದು

ಸಡಿಲ ಇದ್ದರೂ ಫ್ಲಟರ್ ಬರುತ್ತದೆ, ಹಾಗಾಗಿ ಮೊದಲು ಅದನ್ನೇ ನೋಡಿದೆವು. ಒಬ್ಬರು ಒಳಗೆ ಕೂತು ಯೋಕ್ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಇನ್ನೊಬ್ಬರು ಹೊರಗೆ ಏಲರಾನ್‌ನ ಹಿಂದಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೆತ್ತಗೆ ಮೇಲೆ ಕೆಳಗೆ ಆಡಿಸಬೇಕು. ಕಿವಿ ಹತ್ತಿರ ಇಟ್ಟುಕೊಳ್ಳಿ. ಟಕ್ ಟಕ್ ಅಂದರೆ ಪುಶ್ ರಾಡ್ (ಏಲರಾನನ್ನು ತಳ್ಳುವ ಸರಳು) ತುದಿಯೋ, ಕೇಬಲ್ ಎಳೆತವನ್ನು ಅದಕ್ಕೆ ಮುಟ್ಟಿಸುವ ಬೆಲ್‌ಕ್ರ್ಯಾಂಕ್ ಬೋಲ್ಟೋ ಸವೆದಿದೆ. ಈ ವಿಮಾನದ ಏಲರಾನ್ ಬಾಗಿಲಿಗೆ ಹಾಕುವ ಉದ್ದ ತಿರುಗಣಿಯಂಥ ಪಿಯಾನೋ ಹಿಂಜ್ ಮೇಲೆ ನಿಂತಿರುತ್ತದೆ. ಆ ಹಿಂಜ್ ಒಳಗಿನ ತಂತಿ ಸವೆದರೆ ಏಲರಾನ್ ಅಡ್ಡಡ್ಡ ಆಡುತ್ತದೆ. ನಮ್ಮದರಲ್ಲಿ ಅದು ಸರಿ ಇತ್ತು.

ಎಲಿವೇಟರ್‌ನ ಟ್ರಿಮ್ ಟ್ಯಾಬನ್ನೂ ಹಾಗೇ ಆಡಿಸಿ ನೋಡಿ, ದೂರು ಏಲರಾನ್ ಕಡೆಯದ್ದಾದರೂ ಸರಿ. 2011ರ ಸೆಪ್ಟೆಂಬರ್ 16ರಂದು ಅಮೆರಿಕದ ರೀನೋದಲ್ಲಿ ವಿಮಾನಗಳ ರೇಸ್ ನಡೆಯುವಾಗ ಪಿ-51 ಅನ್ನುವ ಒಂದು ಹಳೇ ಯುದ್ಧವಿಮಾನ ಬಿದ್ದು 11 ಜನ ಸತ್ತರು. ತನಿಖೆ ಕೊನೆಗೆ ಬಂದು ನಿಂತಿದ್ದು ಎಲಿವೇಟರ್ ಟ್ರಿಮ್ ಟ್ಯಾಬ್‌ನ ಹಳೇ ಲಾಕ್‌ನಟ್‌ಗಳ ಮೇಲೆ. ನಟ್‌ನ ಹಿಡಿತ ಹೋಗಿ ಸ್ಕ್ರೂ ಸಡಿಲವಾಗಿ, ಟ್ಯಾಬ್ ರೇಸ್ ವೇಗದಲ್ಲಿ ಫ್ಲಟರ್‌ಗೆ ಸಿಕ್ಕಿತ್ತು. ಬಿಚ್ಚಿದ ಲಾಕ್‌ನಟ್ ಬೆರಳಲ್ಲೇ ಸಲೀಸಾಗಿ ತಿರುಗಿದರೆ ಅದನ್ನು ಮತ್ತೆ ಹಾಕಬೇಡಿ. ಹೊಸದಕ್ಕೆ ಎಷ್ಟು ಮಹಾ ಖರ್ಚಾಗುತ್ತೆ.

ಆಮೇಲೆ ಕೇಬಲ್. ಯೋಕ್‌ನಿಂದ ರೆಕ್ಕೆಯೊಳಗಿನ ಬೆಲ್‌ಕ್ರ್ಯಾಂಕ್‌ವರೆಗೆ ಉಕ್ಕಿನ ಕೇಬಲ್ ಹೋಗುತ್ತದೆ, ಅಲ್ಲಿಂದ ಏಲರಾನ್‌ಗೆ ಪುಶ್ ರಾಡ್. 172ರಲ್ಲಿ ಏಲರಾನ್ ಕೇಬಲ್ ಬಿಗಿ 40 ಪೌಂಡ್, ಹತ್ತು ಆಚೆ ಈಚೆ. ನಮಗೆ ಬೆಳಿಗ್ಗೆ ಏಳು ಗಂಟೆಗೆ ಸಿಕ್ಕಿದ್ದು 24. ಹುಡುಗ ಕೂಡಲೇ ಕೇಬಲ್ ಬಿಗಿ ಹೊಂದಿಸುವ ತಿರುಪಿಗೆ, ಅಂದರೆ ಟರ್ನ್‌ಬಕಲ್‌ಗೆ ಕೈ ಹಾಕಿದ. ತಡೀಪ್ಪ, ಮೊದಲು ಥರ್ಮಾಮೀಟರ್ ನೋಡು ಅಂದೆ.

ಇದು ನಮ್ಮ ಊರಲ್ಲಿ ನಿಜವಾಗಲೂ ಕಾಡುವ ವಿಷಯ. ವಿಮಾನದ ಮೈ ಅಲ್ಯುಮಿನಿಯಂ, ಕೇಬಲ್ ಉಕ್ಕು. ಒಂದು ಮೀಟರ್ ಅಲ್ಯುಮಿನಿಯಂ ಒಂದು ಡಿಗ್ರಿಗೆ ಸುಮಾರು 23 ಮೈಕ್ರೋಮೀಟರ್ ಹಿಗ್ಗುತ್ತದೆ, ಸಾಧಾರಣ ಉಕ್ಕು ಸುಮಾರು 12. ಐದು ಮೀಟರ್ ಉದ್ದಕ್ಕೆ 20 ಡಿಗ್ರಿ ಏರಿದರೆ ಮೈ 2.3 ಮಿಲಿಮೀಟರ್ ಉದ್ದವಾಗುತ್ತದೆ, ಕೇಬಲ್ 1.2 ಮಾತ್ರ. ಹಾಗಾಗಿ ಬಿಸಿಲಿಗೆ ಕೇಬಲ್ ಬಿಗಿಯಾಗುತ್ತದೆ, ಚಳಿಗೆ ಸಡಿಲ. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ಅಳೆದು 40ಕ್ಕೆ ಬಿಗಿ ಮಾಡಿ, ಏಪ್ರಿಲ್‌ನಲ್ಲಿ ಕಲಬುರಗಿಗೆ ಹೋಗಿ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದರೆ ಪುಲ್ಲಿ ಮೇಲೆ ಬೀಳುವ ಒತ್ತಡವೇ ಬೇರೆ. ಅದಕ್ಕೇ ಹ್ಯಾಂಗರ್ ಒಳಗೆ, ವಿಮಾನ ಕೆಲವು ಗಂಟೆ ಒಂದೇ ಉಷ್ಣತೆಯಲ್ಲಿ ನಿಂತ ಮೇಲೆ ಅಳೆಯಬೇಕು. ತಾಪಮಾನದ ಚಾರ್ಟ್ ಇದ್ದರೆ ಅದರ ಪ್ರಕಾರವೇ ಹೋಗಬೇಕು. ನಾವು ಹತ್ತೂವರೆಗೆ ಮತ್ತೆ ಅಳೆದೆವು, 28 ಬಂತು. ಆಗಲೂ ಕಡಿಮೆಯೇ, ಸರಿ ಮಾಡಬೇಕಾದ್ದೇ. ಆದರೆ ನಡುಕಕ್ಕೆ ಇದೊಂದೇ ಕಾರಣ ಅಂತ ನನಗೆ ಅನ್ನಿಸಲಿಲ್ಲ. ಕನಿಷ್ಠ 30ಕ್ಕೆ ಎರಡೇ ಪೌಂಡ್ ಕೊರತೆಗೆ ಇಷ್ಟು ಜುಮ್ಮೆನ್ನಬಾರದು.

ಕೇಬಲ್ ನೋಡುವಾಗ ಒಂದು ಹತ್ತಿ ಬಟ್ಟೆಯನ್ನು ಉದ್ದಕ್ಕೂ ಎಳೆಯಿರಿ. ಎಳೆ ಮುರಿದಿದ್ದರೆ ಬಟ್ಟೆ ಸಿಕ್ಕಿಹಾಕಿಕೊಳ್ಳುತ್ತದೆ. ಬರಿ ಬೆರಳಲ್ಲಿ ನೋಡಿದರೆ ರಕ್ತ ಬರುತ್ತದೆ. ಎಳೆಗಳು ಮುರಿಯುವುದು ಹೆಚ್ಚಾಗಿ ಪುಲ್ಲಿ ಮೇಲೆ ಹಾಯುವ ಜಾಗದಲ್ಲಿ, ಹಾಗಾಗಿ ಯೋಕನ್ನು ಪೂರ್ತಿ ಎರಡೂ ಕಡೆ ತಿರುಗಿಸಿ, ಪುಲ್ಲಿಯಡಿ ಅಡಗಿದ ಭಾಗ ಹೊರಗೆ ಬಂದಾಗ ನೋಡಬೇಕು.

ಏಲರಾನ್ ಬಿಚ್ಚಿ ತೂಗಿದ್ದು

ಈಗ ಬಂತು ಪೇಂಟ್ ವಿಷಯ. ದಾಖಲೆ ತಿರುವಿ ಹಾಕಿದೆ. ಪೇಂಟ್ ಮಾಡಿದ ದಿನ ಇದೆ, ಬಣ್ಣದ ಹೆಸರಿದೆ, ಪೂರ್ತಿ ವಿಮಾನದ ಹೊಸ ತೂಕವೂ ಇದೆ. ಏಲರಾನ್, ಎಲಿವೇಟರ್, ರಡ್ಡರ್ ತೂಗಿ ನೋಡಿದ್ದರ ಬಗ್ಗೆ ಒಂದು ಸಾಲೂ ಇಲ್ಲ. ಅಲ್ಲಿಗೆ ನನಗೆ ಮುಕ್ಕಾಲು ಪಾಲು ಗೊತ್ತಾಯಿತು.

ಲೆಕ್ಕ ನೋಡಿ, ತಲೆ ತಿರುಗುವಂಥದ್ದೇನಲ್ಲ. ಹಿಂಜ್‌ನಿಂದ 20 ಸೆಂಟಿಮೀಟರ್ ಹಿಂದೆ 100 ಗ್ರಾಂ ಪೇಂಟ್ ಕೂತರೆ 2000 ಗ್ರಾಂ-ಸೆಂಟಿಮೀಟರ್ ಹಿಂಭಾರ. ಅದನ್ನು ಹಿಂಜ್‌ನಿಂದ 5 ಸೆಂಟಿಮೀಟರ್ ಮುಂದಿರುವ ತೂಕದಿಂದ ಸರಿದೂಗಿಸಬೇಕಾದರೆ 400 ಗ್ರಾಂ ಬೇಕು. ಹಿಂದೆ ಒಂದು ಪಾಲು ಏರಿದರೆ ಮುಂದೆ ನಾಲ್ಕು ಪಾಲು. ಒಂದು ಕೋಟ್ ಪೇಂಟ್ ತಾನೇ ಅನ್ನುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು.

ಎರಡೂ ಏಲರಾನ್ ಬಿಚ್ಚಿದೆವು. ತೂಗಲು ಚಾಕುವಿನಂಥ ಅಂಚಿರುವ ಎರಡು ಆಧಾರ ಬೇಕು, ಅವೆರಡೂ ಒಂದೇ ಮಟ್ಟದಲ್ಲಿರಬೇಕು. ಅವುಗಳ ಮೇಲೆ ಹಿಂಜ್ ಗೆರೆ ಕೂರಿಸಿ, ಹಿಂದಿನ ಅಂಚು ಎಷ್ಟು ಬಲದಿಂದ ಕೆಳಗೆ ಒತ್ತುತ್ತದೆ ಅಂತ ತಕ್ಕಡಿಯಲ್ಲಿ ನೋಡಿ, ಹಿಂಜ್‌ನಿಂದ ಇರುವ ದೂರದಿಂದ ಗುಣಿಸಬೇಕು. ಫ್ಯಾನ್ ಆರಿಸಿ, ಬಾಗಿಲು ಹಾಕಿ. ಗಾಳಿ ಆಡಿದರೆ ತಕ್ಕಡಿಯ ಅಂಕಿ ಒಂದೆಡೆ ನಿಲ್ಲುವುದಿಲ್ಲ. ಪೇಂಟ್ ಪೂರ್ತಿ ಒಣಗಿರಬೇಕು.

ಬಲಗಡೆಯದ್ದು ಮಿತಿಯೊಳಗೆ ಇತ್ತು, ಅಂಚಿನಲ್ಲಿ. ಎಡಗಡೆಯದ್ದು ಮಿತಿ ದಾಟಿತ್ತು. ಇನ್ನೊಂದು ವಿಚಿತ್ರ ಕಂಡಿತು. ಎಡ ಏಲರಾನನ್ನು ಎರಡು ಸಲ ತೂಗಿದರೆ ಎರಡು ಬೇರೆ ಅಂಕಿ. ಎತ್ತಿ ಓರೆ ಮಾಡಿದಾಗ ಒಳಗೆ ಸಣ್ಣಗೆ ಗುಳುಗುಳು ಸದ್ದು. ನೀರು! ಕೆಳಗಿನ ಅಂಚಿನ ಡ್ರೇನ್ ತೂತುಗಳನ್ನು ಪೇಂಟ್ ಮುಚ್ಚಿಬಿಟ್ಟಿತ್ತು, ವಿಮಾನ ತೊಳೆದಾಗ ಹೋದ ನೀರು ಒಳಗೇ ಉಳಿದಿತ್ತು. ನಿಂತ ತೂಕಕ್ಕಿಂತ ಇದು ಕೆಟ್ಟದ್ದು, ಯಾಕೆಂದರೆ ಹಾರಾಟದಲ್ಲಿ ಓಡಾಡುತ್ತದೆ.

ಪೇಂಟ್ ಕೆರೆದಾಗ ಉಳಿದ ಕಥೆ ಹೊರಬಂತು. ಹಳೇ ಪೇಂಟ್ ತೆಗೆಯದೆ ಅದರ ಮೇಲೇ ಹೊಸದು ಹೊಡೆದಿದ್ದರು. ಹಿಂದಿನ ಅಂಚಿನಲ್ಲಿ ಯಾವಾಗಲೋ ಏನೋ ತಗುಲಿ ಆದ ನೆಗ್ಗನ್ನು ಪುಟ್ಟಿ ತುಂಬಿ ಸಮ ಮಾಡಿದ್ದರು. ಹಿಂಜ್‌ನಿಂದ ಅತಿ ದೂರದ ಜಾಗ ಅದು, ಒಂದೊಂದು ಗ್ರಾಂ ಅತಿ ಹೆಚ್ಚು ಕೆಲಸ ಮಾಡುವ ಜಾಗ.

ಮುಂದೆ ಒಂದಿಷ್ಟು ಸೀಸ ಸೇರಿಸಿದರೆ ಮುಗೀತಲ್ವಾ ಅಂತ ಒಬ್ಬರು ಕೇಳಿದರು. ಸೇರಿಸಬಹುದು, ಕೈಪಿಡಿ ಒಪ್ಪಿದಷ್ಟು ಮಾತ್ರ. ಜಾಸ್ತಿ ಸೇರಿಸಿದರೆ ಹಿಂಜ್ ಹೊರುವ ಭಾರ ಏರುತ್ತದೆ, ಪುಟ್ಟಿಯೂ ನೀರೂ ಅಲ್ಲೇ ಉಳಿಯುತ್ತವೆ. ನಾವು ಎರಡನ್ನೂ ಲೋಹದವರೆಗೆ ಕೆರೆದೆವು. ನೆಗ್ಗಿದ ತಗಡನ್ನು ಕೈಪಿಡಿಯಲ್ಲಿ ಹೇಳಿದ ಹಾಗೆ ದುರಸ್ತಿ ಮಾಡಿ, ಡ್ರೇನ್ ತೂತು ಬಿಡಿಸಿ, ತೆಳುವಾಗಿ ಪೇಂಟ್ ಹೊಡೆದು, ಒಣಗಿದ ಮೇಲೆ ಮತ್ತೆ ತೂಗಿದೆವು. ಎರಡೂ ಮಿತಿಯೊಳಗೆ ಆರಾಮಾಗಿ ಬಂದವು. ಅದೇ ಜನ ಅದೇ ದಿನ ಪೇಂಟ್ ಮಾಡಿದ ಎಲಿವೇಟರ್ ಮತ್ತು ರಡ್ಡರ್ ಕೂಡ ಬಿಚ್ಚಿ ತೂಗಿದೆವು. ಎರಡು ದಿನ ಜಾಸ್ತಿ ಹೋಯಿತು. ಅದರ ಬಗ್ಗೆ ನನಗೆ ಸ್ವಲ್ಪವೂ ಬೇಸರವಿಲ್ಲ.

ಎಡಕ್ಕೆ ವಾಲುವುದು

ಇದನ್ನು ಹುಡುಕುವಾಗ ಅಗ್ಗದ ಕಾರಣದಿಂದ ಶುರು ಮಾಡಿ. ಮೊದಲು ಇಂಧನ. ಎರಡು ಟ್ಯಾಂಕ್ ನಡುವೆ 20 ಲೀಟರ್ ವ್ಯತ್ಯಾಸ ಅಂದರೆ ಸುಮಾರು 14 ಕೆಜಿ, ಒಂದು ಪುಟ್ಟ ಮಗುವನ್ನು ರೆಕ್ಕೆ ಮೇಲೆ ಕೂರಿಸಿದ ಹಾಗೆ. ಇಂಧನದ ಸೆಲೆಕ್ಟರ್ ಎರಡೂ ಟ್ಯಾಂಕ್‌ಗೆ ಇಟ್ಟಿದ್ದರೂ ಸಮನಾಗಿ ಇಳಿಯುತ್ತದೆ ಅನ್ನುವ ಖಾತ್ರಿ ಇಲ್ಲ. ಅದಾದ ಮೇಲೆ, ವಾಲುವಾಗ ಸ್ಲಿಪ್ ಗುಂಡು (ವಿಮಾನ ಪಕ್ಕಕ್ಕೆ ಜಾರುತ್ತಿದೆಯಾ ಅಂತ ತೋರಿಸುವ ಉಪಕರಣದ ಗುಂಡು) ಎಲ್ಲಿತ್ತು ಅಂತ ಕೇಳಿ. ಗುಂಡು ನಡುವೆ ಇಲ್ಲದಿದ್ದರೆ ದೋಷ ರಡ್ಡರ್ ಕಡೆಯದ್ದಿರಬಹುದು, ಮೂಗು ಒಂದು ಕಡೆ ತಿರುಗಿದ್ದಕ್ಕೆ ರೆಕ್ಕೆ ಇಳಿಯುತ್ತಿರಬಹುದು. ರಡ್ಡರ್ ಟ್ಯಾಬ್ ಬಗ್ಗಿಸುವುದಕ್ಕೆ ಅರ್ಥ ಬರುವುದು ಆಗ ಮಾತ್ರ. ನಮ್ಮ ಪೈಲಟ್ ಹೇಳಿದ ಪ್ರಕಾರ ಟ್ಯಾಂಕ್ ಎರಡೂ ಸಮ, ಗುಂಡು ನಡುವೆಯೇ ಇತ್ತು.

ಹಾಗಾದರೆ ರೆಕ್ಕೆ. ವಿಮಾನದ ಹಿಂದೆ ಹತ್ತು ಹೆಜ್ಜೆ ದೂರ ನಿಂತು, ಕೂತು, ಕಣ್ಣಿನ ಮಟ್ಟದಲ್ಲಿ ಎರಡೂ ರೆಕ್ಕೆಯ ಹಿಂದಿನ ಅಂಚನ್ನು ನೋಡಿ. ಉಪಕರಣ ಬೇಡ. ಬಲ ಫ್ಲಾಪ್ (ರೆಕ್ಕೆಯ ಹಿಂದೆ ಮೈಗೆ ಹತ್ತಿರ ಇದ್ದು, ಇಳಿಯುವಾಗ ಕೆಳಗೆ ಬಿಡುವ ಪಟ್ಟಿ) ಪೂರ್ತಿ ಮೇಲೆ ಇಟ್ಟಿದ್ದರೂ ಎಡದ್ದಕ್ಕಿಂತ ತುಸು ಕೆಳಗೆ ಜೋತುಬಿದ್ದಿತ್ತು, ಒಂದು ಬೆರಳಿನಷ್ಟೂ ಇಲ್ಲ. ಪೇಂಟ್‌ಗೆ ಬಿಚ್ಚಿ ವಾಪಸ್ ಹಾಕುವಾಗ ಅದರ ಪುಶ್ ರಾಡ್ ಉದ್ದ ತಪ್ಪಿತ್ತು. ಬಲ ಫ್ಲಾಪ್ ಜೋತರೆ ಬಲ ರೆಕ್ಕೆಗೆ ಲಿಫ್ಟ್ ಹೆಚ್ಚು, ವಿಮಾನ ಎಡಕ್ಕೆ ಉರುಳುತ್ತದೆ. ಪೈಲಟ್‌ಗೆ ಅದು ಎಡ ರೆಕ್ಕೆ ಭಾರ ಅಂತ ಅನ್ನಿಸುತ್ತದೆ. ವಾಲುವುದಕ್ಕೆ ಕಾರಣ ಎಡ ರೆಕ್ಕೆಯಲ್ಲಿ ಇರಲೇ ಇಲ್ಲ.

ಫ್ಲಾಪ್ ಸರಿ ಇದ್ದೂ ವಾಲುತ್ತಿದ್ದರೆ ಏಲರಾನ್ ರಿಗ್, ಅಂದರೆ ಅದು ಎಷ್ಟು ಆಡುತ್ತೆ ಅನ್ನುವ ಹೊಂದಾಣಿಕೆ, ನೋಡಬೇಕು. ಈ ಮಾಡೆಲ್‌ನಲ್ಲಿ ಏಲರಾನ್ ಮೇಲಕ್ಕೆ 20 ಡಿಗ್ರಿ, ಕೆಳಕ್ಕೆ 15. ಕೆಳಗಿಳಿದ ಏಲರಾನ್ ಗಾಳಿಗೆ ಹೆಚ್ಚು ಅಡ್ಡ ನಿಂತು ಮೂಗನ್ನು ತಿರುವಿನ ಎದುರು ದಿಕ್ಕಿಗೆ ಎಳೆಯುತ್ತದೆ, ಅದನ್ನು ತಗ್ಗಿಸಲು ಈ ಅಂತರ. ಅದೂ ಸರಿ ಇದ್ದರೆ ಮಾತ್ರ ರೆಕ್ಕೆಯ ಹಿಂದಿನ ಸ್ಪಾರ್ (ಉದ್ದ ತೊಲೆ) ಜೋಡಣೆಯಲ್ಲಿರುವ ಎಕ್ಸೆಂಟ್ರಿಕ್ ಬುಶಿಂಗ್ (ತೂತು ನಡುವೆ ಇಲ್ಲದ ಬಳೆ) ತಿರುಗಿಸಿ, ಭಾರ ಅನ್ನಿಸುವ ರೆಕ್ಕೆಯ ಹಿಂಭಾಗವನ್ನು ತುಸು ಇಳಿಸಬೇಕು. ಏಲರಾನ್‌ನ ಅಂಚನ್ನು ಕೈಯಿಂದ ಬಗ್ಗಿಸುವುದನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ.

ವಾಪಸ್ ಜೋಡಿಸುವಾಗ

ನನಗೆ ಅತಿ ಹೆಚ್ಚು ಭಯ ಇರುವ ಹಂತ ಇದು. 2018ರ ನವೆಂಬರ್ 11ರಂದು ಕಝಾಕಸ್ತಾನದ ಏರ್ ಅಸ್ತಾನಾ ಕಂಪನಿಯ ಎಂಬ್ರೇಯರ್ 190 ಪ್ರಯಾಣಿಕ ಜೆಟ್ ಪೋರ್ಚುಗಲ್‌ನಲ್ಲಿ ದೊಡ್ಡ ದುರಸ್ತಿ ಮುಗಿಸಿ ಹೊರಟಿತು. ಏಲರಾನ್ ಕೇಬಲ್‌ಗಳು ಉಲ್ಟಾ ಜೋಡಣೆಯಾಗಿದ್ದವು. ಬಲಕ್ಕೆ ತಿರುಗಿಸಿದರೆ ಏಲರಾನ್ ಎಡಕ್ಕೆ. ಒಳಗಿದ್ದ ಆರು ಜನ ಬದುಕಿ ಅಲ್ಲಿನ ಬೇಜಾ ಊರಲ್ಲಿ ಇಳಿದಿದ್ದು ಪೈಲಟ್‌ಗಳ ಗಟ್ಟಿತನದಿಂದ. 2003ರ ಜನವರಿ 8ರಂದು ಅಮೆರಿಕದ ಷಾರ್ಲೆಟ್‌ನಲ್ಲಿ ಬೀಚ್‌ಕ್ರಾಫ್ಟ್ 1900ಡಿ ಅನ್ನುವ ಸಣ್ಣ ಪ್ರಯಾಣಿಕ ವಿಮಾನ ಬಿದ್ದು 21 ಜನ ಹೋದರು. ಅದರ ಎಲಿವೇಟರ್ ಕೇಬಲ್‌ನ ಟರ್ನ್‌ಬಕಲ್ ತಪ್ಪಾಗಿ ಹೊಂದಿಸಿದ್ದರಿಂದ ಮೂಗು ತಗ್ಗಿಸುವ ಕಡೆಗೆ ಎಲಿವೇಟರ್ ಪೂರ್ತಿ ಹೋಗುತ್ತಿರಲಿಲ್ಲ. ಜೊತೆಗೆ ಹಿಂದಕ್ಕೆ ತೂಕ ಜಾಸ್ತಿಯಾಗಿತ್ತು.

ಹಾಗಾಗಿ ಆಡುತ್ತೆ ಅನ್ನುವುದು ಸಾಲದು, ಸರಿಯಾದ ಕಡೆಗೆ ಆಡುತ್ತಾ, ಸ್ಟಾಪ್ (ಕೊನೆಯ ತಡೆ) ತನಕ ಹೋಗುತ್ತಾ ನೋಡಬೇಕು. ಯೋಕ್ ಮೇಲೆ ಹೆಬ್ಬೆರಳು ಮೇಲಕ್ಕೆ ಮಾಡಿ ಹಿಡಿಯಿರಿ. ಯಾವ ಕಡೆ ತಿರುಗಿಸಿದರೂ ಹೆಬ್ಬೆರಳು ತೋರಿಸುವ ಕಡೆಯ ಏಲರಾನ್ ಮೇಲೆ ಏಳಬೇಕು. ಯೋಕ್ ಎಳೆದರೆ ಎಲಿವೇಟರ್ ಮೇಲೆ. ಬಲ ಪೆಡಲ್ ಒತ್ತಿದರೆ ರಡ್ಡರ್ ಬಲಕ್ಕೆ. ಟ್ರಿಮ್‌ನಲ್ಲಿ ಎಲ್ಲರೂ ಎಡವುತ್ತಾರೆ. ಮೂಗು ಮೇಲಕ್ಕೆ ಅಂತ ಟ್ರಿಮ್ ಮಾಡಿದರೆ ಟ್ಯಾಬ್ ಕೆಳಕ್ಕೆ ಹೋಗಬೇಕು, ಯಾಕೆಂದರೆ ಟ್ಯಾಬ್ ಎಲಿವೇಟರನ್ನು ತನ್ನ ಎದುರು ದಿಕ್ಕಿಗೆ ತಳ್ಳುತ್ತದೆ. ಟರ್ನ್‌ಬಕಲ್‌ನ ಎರಡೂ ಕಡೆ ಮೂರಕ್ಕಿಂತ ಹೆಚ್ಚು ತಿರುಪಿನ ಸುತ್ತು (ಥ್ರೆಡ್) ಹೊರಗೆ ಕಾಣಬಾರದು, ಲಾಕಿಂಗ್ ವೈರ್ ಬಿಗಿಯಾಗಿರಬೇಕು.

ಇದೆಲ್ಲ ಆದ ಮೇಲೆ ಆ ಕೆಲಸದಲ್ಲಿ ಕೈ ಹಾಕದ ಇನ್ನೊಬ್ಬ ಅರ್ಹ ವ್ಯಕ್ತಿ ಮೊದಲಿಂದ ನೋಡಬೇಕು. ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ನಿಯಮವೂ ಅದನ್ನೇ ಕೇಳುತ್ತದೆ. ಇವರು ಮಾಡಿದ್ದಾರಲ್ಲ ಅಂತ ಸುಮ್ನೆ ಸಹಿ ಹಾಕುವವರು ನನ್ನ ಹತ್ತಿರ ಬೇಡ. ನಾನು ಕರೆದ ಹಿರಿಯರು ಟಾರ್ಚ್ ಹಿಡಿದು ಒಂದೂವರೆ ಗಂಟೆ ತೆಗೆದುಕೊಂಡರು. ಬಲ ರೆಕ್ಕೆಯ ಒಳಗೆ ಬಿಟ್ಟುಹೋಗಿದ್ದ ಒಂದು ಚಿಂದಿ ಬಟ್ಟೆ ಅವರ ಕಣ್ಣಿಗೆ ಬಿತ್ತು, ಬೆಲ್‌ಕ್ರ್ಯಾಂಕ್‌ನಿಂದ ಗೇಣು ದೂರದಲ್ಲಿ. ನಾನು ಅದೇ ಜಾಗವನ್ನು ಎರಡು ಸಲ ನೋಡಿದ್ದೆ.

ಮರುದಿನ ಬೆಳಿಗ್ಗೆ ಪೈಲಟ್ ಹಾರಿಸಿದರು, ವೇಗವನ್ನು ಐದೈದು ನಾಟ್ ಏರಿಸುತ್ತಾ. 110 ದಾಟಿದ ಮೇಲೂ ಯೋಕ್ ಸದ್ದಿಲ್ಲದೆ ಇತ್ತು. ನೇರ ಹಾರಾಟದಲ್ಲಿ ಕೈ ಬಿಟ್ಟು ನಿಮಿಷ ಎಣಿಸಿದರಂತೆ, ವಾಲಲಿಲ್ಲ. ಇಳಿದ ಮೇಲೆ ಲಾಗ್‌ಬುಕ್‌ನಲ್ಲಿ ಎಡ ಏಲರಾನ್, ಬಲ ಏಲರಾನ್, ಎರಡು ಎಲಿವೇಟರ್, ರಡ್ಡರ್, ಪ್ರತಿಯೊಂದರ ಬ್ಯಾಲೆನ್ಸ್ ಅಂಕಿಯನ್ನೂ ತೂಗಿದ ದಿನವನ್ನೂ ಬರೆದೆ. ಎಷ್ಟು ಪದರ ಪೇಂಟ್ ಇದೆ ಅನ್ನುವುದನ್ನೂ ಸೇರಿಸಿದೆ.